ಬಿಲ್ಲಿನ ಮೇಲಿನ ಕುಂಕುಮ

ಜಮಖಂಡಿಯ ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಬಿಲ್ಲು ತೂಗುಹಾಕಿದೆ. ಅದರ ಎರಡೂ ತುದಿ ಮುಂದಕ್ಕೆ ಬಾಗಿವೆ, ಮುನಿಸಿಕೊಂಡವರ ತುಟಿಯ ಹಾಗೆ. ನಮ್ಮ ಯಜಮಾನರು ಡ್ರಿಲ್ ಮಾಸ್ತರರಾಗಿದ್ದರು. ಶಾಲೆಯವರು ಹಳೆಯ ಆಟದ ಸಾಮಾನು ಲಿಲಾವು ಮಾಡಿದಾಗ ಇದನ್ನು ತಂದರು. ಪ್ರತಿ ಮಹಾನವಮಿಗೆ ಆಯುಧಗಳಿಗೆ ಮಾಡುವ ಖಂಡೆಪೂಜೆಯಲ್ಲಿ ಕುಸುಬಿ ಎಣ್ಣೆಯಲ್ಲಿ ಕುಂಕುಮ ಕಲಸಿ, ಹಿಡಿಕೆಯ ಮೇಲೆ ಒಂದೇ ಜಾಗಕ್ಕೆ ಹೆಬ್ಬೆರಳು ಒತ್ತುತ್ತಿದ್ದರು. ವರ್ಷದ ಮೇಲೆ ವರ್ಷ ಕೂತು ಅದು ಅರಗಿನಂತೆ ಗಟ್ಟಿಯಾಗಿದೆ. ಅವರು ತೀರಿಕೊಂಡ ಮೇಲೆ ನಾನು ಬಿಲ್ಲಿಗೆ ಹೂವಷ್ಟೇ ಏರಿಸುತ್ತೇನೆ. ಬೆಳಕಿಗೆ ಹಿಡಿದರೆ ಅವರ ಬೆರಳಿನ ಗೆರೆ ಈಗಲೂ ಕಾಣುತ್ತದೆ.

ಹಳೆಯ ಬಿಲ್ಲು ಕೊಳ್ಳುವವರೊಬ್ಬರು ಬೆಳಗಾವಿಯಲ್ಲಿದ್ದಾರೆಂದು ಮಗನಿಗೆ ಗೊತ್ತಾಯಿತು. ಬೆಲೆ ಕಟ್ಟಿಸಲು ಮುಧೋಳದಿಂದ ಬಿಲ್ಲುವಿದ್ಯೆ ಕಲಿಸುವ ಮಾಸ್ತರರನ್ನು ಕರೆತಂದ. ಅವರು ತಾವು ತಂದ ಹೆದೆ ಏರಿಸಿ, ಬಿಲ್ಲನ್ನು ಕಣ್ಣಿನ ನೇರಕ್ಕೆ ಹಿಡಿದು ತಿರುಚಿದೆಯೇ ಎಂದು ನೋಡಿದರು. ಆಮೇಲೆ ಅರಳೆ ಕೇಳಿದರು. ನನ್ನ ಬತ್ತಿಯ ಡಬ್ಬಿಯಿಂದ ಕೊಟ್ಟೆ. ಅದನ್ನು ಬಿಲ್ಲಿನುದ್ದಕ್ಕೂ ಸವರಿದರು. ಸೀಳಿದ್ದರೆ ಎಳೆ ಸಿಕ್ಕಿಕೊಳ್ಳುತ್ತದಂತೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

"ಒಳಗ ಕಟಗಿ, ಮ್ಯಾಲ ಗಾಜಿನ ನಾರು. ಛಲೋ ಮಾಲ ಐತ್ರಿ," ಎಂದರು ಮಾಸ್ತರರು. "ಮಾಡಿದವ್ರ ಹೆಸರು, ಹೆದಿ ಎಳಿಯಾಕ ಎಷ್ಟ ಭಾರ ಬೇಕನ್ನೂದು ಇಲ್ಲೇ ಬರದಿರ್ತಾರ. ಕುಂಕಮ ಒರಸಿದ್ರ ಕಾಣತೈತಿ."

ಮಗ ಚಿಂದಿ ತಂದ, ಬಣ್ಣ ಕರಗಿಸುವ ಥಿನ್ನರ್ ಶೀಸೆ ತಂದ.

"ಮೊದಲ ಚಾ ಕುಡೀರಿ," ಎಂದೆ. ಚಹಾ ಆಯಿತು. ಚುರುಮುರಿ ಸೂಸಲ ಆಯಿತು. ಮತ್ತೆ ಚಹಾ ಇಟ್ಟೆ.

"ಯವ್ವಾ, ಎಷ್ಟ ಚಾ ಕುಡಸ್ತಿ ಅವ್ರಿಗೆ? ಒರಸೂನಲಾ," ಎಂದ ಮಗ.

"ಭಾರ ತಿಳೀಬೇಕಂದ್ರ ಒರಸೂದ್ಯಾಕ್ಲೇ? ತೂಗು."

ನೂಲಿನ ಲಡಿ ತೂಗುವ ಕೊಕ್ಕೆಯ ತಕ್ಕಡಿ ನಮ್ಮಲ್ಲಿದೆ, ನನ್ನ ತವರು ಬನಹಟ್ಟಿಯದು. ತಂದು ಹೆದೆಗೆ ಸಿಕ್ಕಿಸಿದೆ. ಮಾಸ್ತರರು ನಗುತ್ತ, ಬಾಣ ಬಿಡುವಷ್ಟು ಎಳೆದು ಮುಳ್ಳು ನೋಡಿದರು.

"ಭಾರ ಸಿಕ್ತು ನೋಡ್ರಿ ಅಮ್ಮಾರ. ಆದ್ರ ಹೆಸರ ಇರಲಿಲ್ಲಂದ್ರ ಪೂರಾ ಬೆಲಿ ಬರೂದಿಲ್ರಿ."

"ಕೇಳಿದೇನ ಬೇ? ಹೆಸರಿಲ್ಲದ್ದಕ್ಕ ಯಾರ ಬೆಲಿ ಕಟ್ತಾರ?" ಎಂದು ಮಗ ಚಿಂದಿ ಎತ್ತಿಕೊಂಡ.

"ನಿಮ್ಮಪ್ಪನ ಹೆಸರ ನನ್ನ ಬಾಯಾಗ ಒಮ್ಮಿನೂ ಬಂದಿಲ್ಲ. ಅದಕ್ಕ ಅವರ ಬೆಲಿ ಇಳದಿತ್ತೇನು?"

ಮಾಸ್ತರರು ತಮ್ಮ ಹೆದೆ ಬಿಚ್ಚಿಕೊಂಡು ಬಿಲ್ಲನ್ನು ಮಗನ ಕೈಗೆ ಕೊಟ್ಟರು. ಮಗ ಬಿಲ್ಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಬಹಳ ಹೊತ್ತು ನೋಡಿದ. ತನ್ನ ಹೆಬ್ಬೆರಳನ್ನು ಕುಂಕುಮದ ಮೇಲೆ, ತಾಗದ ಹಾಗೆ, ಹಿಡಿದು ಅಳೆದ. ನಂತರ ಸ್ಟೂಲು ಹತ್ತಿ ತಾನೇ ಅದನ್ನು ಮೊಳೆಗೆ ಸಿಕ್ಕಿಸಿದ.

ಥಿನ್ನರ್ ಮುಚ್ಚಳ ಯಾರೂ ತೆಗೆದಿರಲಿಲ್ಲ. ಚಿಂದಿಯಿಂದ ನಾನು ಚಹಾ ಚೆಲ್ಲಿದ ಜಾಗ ಒರೆಸಿದೆ.