ನಲವತ್ತಮೂರು ಕಿಲೋದ ಜೀಪು

ನಮ್ಮ ಭಾವನ ಮೂಗಿನ ತುದಿಯಲ್ಲಿದ್ದ ಕೋಪವನ್ನು ಕೆರಳಿಸಲು ಒಂದೇ ಮಾತು ಸಾಕಿತ್ತು: "ಗಾಡಿ ಇನ್ನೂ ಸ್ವಲ್ಪ ಎತ್ತರ ಮಾಡ್ಕೊಡಿ." ತಮಾಷೆಯೆಂದರೆ ಅವರ ಹೊಟ್ಟೆಪಾಡೇ ಗಾಡಿ ಎತ್ತರಿಸುವುದು. ಗುಡ್ಡ, ಹಳ್ಳ, ಬಂಡೆ ಹತ್ತುವ ಜೀಪುಗಳೆಲ್ಲ ಅವರ ತಗಡಿನ ಶೆಡ್ಡಿಗೇ ಬರಬೇಕಿತ್ತು. ಚಕ್ರದ ಮೇಲೆ ಬಿಲ್ಲಿನಂತೆ ಬಾಗಿ ಕೂತು ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳಿರುತ್ತವಲ್ಲ, ದೊಡ್ಡದರ ಕೆಳಗೆ ಚಿಕ್ಕದು, ಅದರ ಕೆಳಗೆ ಇನ್ನೂ ಚಿಕ್ಕದು, ಆ ಬ್ಲೇಡ್ ಸೆಟ್ಟೇ ಅವರ ಲೋಕ. ಕಾಯಿಸಿ ಬಡಿದು ಬಾಗು ಹೆಚ್ಚಿಸುವುದು, ಪಟ್ಟಿ ಸೇರಿಸುವುದು, ತೆಗೆಯುವುದು. ಮೂವತ್ತು ವರ್ಷದ ಸುತ್ತಿಗೆ ಏಟಿಗೆ ಎಡಗಿವಿ ಮಂದವಾಗಿತ್ತು. ಅಕ್ಕ ಬೈಯಬೇಕೆನಿಸಿದಾಗ ಸುತ್ತಿ ಬಂದು ಬಲಗಡೆ ನಿಂತು ಬೈಯುತ್ತಿದ್ದಳು.

ಅಕ್ಕ ಎಂದರೆ ನನ್ನ ಸ್ವಂತ ಅಕ್ಕ, ಅವರ ಹೆಂಡತಿ. ನಾನು ಮತ್ತು ಅಮ್ಮ ಇದ್ದದ್ದು ಗುಡ್ಡದ ಮೇಲೆ, ಹಳೇ ಕಲ್ಲುಗಣಿಯ ಪಕ್ಕದ ಮನೆಯಲ್ಲಿ. ಕೆಳಗಿನ ಪೇಟೆಯಿಂದ ಅಲ್ಲಿಗೆ ಒಂಬತ್ತು ಕಿಲೋಮೀಟರ್. ಅದನ್ನು ರಸ್ತೆ ಎಂದು ಕರೆದವರಿಗೆ ನಾನು ಇವತ್ತಿಗೂ ನಮಸ್ಕಾರ ಹಾಕುತ್ತೇನೆ.

ಒಂದು ವರ್ಷ ಭಾವನಿಗೆ ಹುಮ್ಮಸ್ಸು ಹತ್ತಿತು. ಕಬ್ಬಿಣದ ಹೊರೆ ಹೊರಲಿ ಎಂದು ತಮ್ಮ ಜೀಪಿನ ಹಿಂಭಾಗಕ್ಕೆ ಎರಡು ಲಾರಿ ಬ್ಲೇಡು ಸೇರಿಸಿದರು. ಗಾಡಿ ಎತ್ತರವೇನೋ ಆಯಿತು, ಜೊತೆಗೆ ಬಂಡೆಯೂ ಆಯಿತು. ಅದೇ ಜೀಪಿನಲ್ಲಿ ಅಕ್ಕ ತವರಿಗೆ ಹೊರಟಾಗ ಮೋರಿಯ ಹತ್ತಿರ ಒಂದು ಹಳ್ಳ ಎಗರಿಸಿತು. ಅಕ್ಕ ಮೇಲೆ ಹಾರಿ ಸೀಟಿನ ಕಂಬಿಯ ಮೇಲೆ ಬಿದ್ದಳು. ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಕುಲುಕಾಟ ಕೂಡದು ಎಂದರು ಡಾಕ್ಟರು. ಮೂರು ವರ್ಷ ಅಕ್ಕ ಗುಡ್ಡ ಹತ್ತಲಿಲ್ಲ. ಉಬ್ಬಸದ ಅಮ್ಮ ಗುಡ್ಡ ಇಳಿಯುವ ಹಾಗಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತೇವೆ ಎಂದರೆ ಅಕ್ಕ, "ಹೆಣ ಹೊತ್ಕೊಂಡು ಬಂದ ಹಾಗೆ ಅಮ್ಮನ ಮುಂದೆ ಇಳಿಸ್ತೀರಾ?" ಎಂದು ನಮ್ಮ ಬಾಯಿ ಮುಚ್ಚಿಸಿದಳು.

ಭಾವ ಒಂದು ದಿನವೂ "ನನ್ನ ತಪ್ಪು" ಎನ್ನಲಿಲ್ಲ. ಅದಕ್ಕೆ ನನಗೆ ಅವರ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇನು. ಆದರೆ ಆಮೇಲೆ ಯಾವ ಗಾಡಿ ರಿಪೇರಿಯಾದರೂ ಅವರು ಪರೀಕ್ಷೆಗೆ ಹಿಂದಿನ ಸೀಟಿನಲ್ಲೇ ಕೂರತೊಡಗಿದರು. "ಮುಂದೆ ಕೂತೋನಿಗೆ ಏನು ಗೊತ್ತಾಗುತ್ತೆ? ಹಿಂದೆ ಕೂತೋರ ಸೊಂಟ ಕೇಳ್ಬೇಕು" ಎನ್ನುತ್ತಿದ್ದರು.

ಅಮ್ಮನಿಗೆ ಮೇಲುಸಿರು ಹೆಚ್ಚಾದ ವರ್ಷ ನಾನು ಶೆಡ್ಡಿಗೇ ಹೋಗಿ ನಿಂತೆ. "ಭಾವ, ಅಮ್ಮ ದಿನಾ ದೊಡ್ಡೋಳು ಎಲ್ಲಿ ಅಂತ ಕೇಳ್ತಾಳೆ. ನಾನೇನು ಹೇಳ್ಲಿ?"

ಭಾವ ಮರುದಿನವೇ ತಮ್ಮ ಜೀಪನ್ನು ಎತ್ತಿ ನಿಲ್ಲಿಸಿ ಹಿಂದಿನ ಎರಡೂ ಸೆಟ್ಟು ಬಿಚ್ಚಿದರು. ಲಾರಿ ಬ್ಲೇಡುಗಳನ್ನು ಗುಜರಿಗೆ ಎಸೆದರು. ದಪ್ಪ ಪಟ್ಟಿಗಳ ಬದಲು ತೆಳ್ಳನೆಯವು ಹಾಕಿದರು, ತುದಿಗಳನ್ನು ಉಜ್ಜಿ ನುಣುಪು ಮಾಡಿದರು, ಪಟ್ಟಿಪಟ್ಟಿಯ ನಡುವೆ ಗ್ರೀಸು ಸವರಿದರು. ಆಮೇಲೆ ನನ್ನನ್ನು ಸ್ಟೇರಿಂಗಿಗೆ ಕೂರಿಸಿ ತಾವು ಹಿಂದೆ ಕೂತರು. ನನಗೆ ಬರುತ್ತಿದ್ದದ್ದೇ ಎರಡು ಗೇರು. ಹಳ್ಳ ಬಂದಾಗಲೆಲ್ಲ ಹಿಂದಿನಿಂದ, "ಆಹಾ! ತೊಟ್ಟಿಲು ಕಣಮ್ಮಾ, ತೊಟ್ಟಿಲು!" ಎಂಬ ಕೂಗು.

ಮಾರನೇ ದಿನ ಅಕ್ಕನನ್ನು ದಿಂಬುಗಳ ನಡುವೆ ಕೂರಿಸಿಕೊಂಡು ಹೊರಟೆವು. ಮೋರಿಯವರೆಗೂ ಹೋಗಲಿಲ್ಲ, ಅಕ್ಕನ ಮುಖ ಬಿಳಿಚಿಕೊಂಡಿತು. "ರೀ, ವಾಪಸ್ ತಿರುಗಿಸಿ. ನನ್ನ ಕೈಲಾಗಲ್ಲ" ಎಂದಳು. ಅವರ ಮನೆಗೆ ವಾಪಸಾದೆವು. ಅಮ್ಮ ಇನ್ನು ಅಕ್ಕನನ್ನು ಕಾಣುವುದಿಲ್ಲ ಎಂದು ನಾನು ಬಚ್ಚಲಿಗೆ ಹೋಗಿ ಅತ್ತೆ.

ಭಾವ ಎರಡು ದಿನ ಜೀಪಿನ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದರು. ಏಳುವಾಗ, ಕೂರುವಾಗ ಗಾಡಿ ಎಷ್ಟು ತಗ್ಗುತ್ತದೆ ಎಂದು ನೋಡುತ್ತಿದ್ದರು. ಮೂರನೇ ದಿನ ಹಣೆ ಚಚ್ಚಿಕೊಂಡರು. "ಬುದ್ಧಿ ಇದೆಯಾ ನಂಗೆ? ತೊಂಬತ್ತೆರಡು ಕಿಲೋ ಇಟ್ಟು ಪರೀಕ್ಷೆ ಮಾಡಿದೀನಿ! ನನ್ನ ಭಾರಕ್ಕೆ ಬಗ್ಗಿದ್ದು ಇವಳ ಭಾರಕ್ಕೆ ಎಲ್ಲಿ ಬಗ್ಗುತ್ತೆ?"

ತಮ್ಮ ಸೊಂಟವನ್ನು ಕೇಳಿ ಅಕ್ಕನ ಸೊಂಟಕ್ಕೆ ಬ್ಲೇಡು ಕಟ್ಟಿದ್ದರು ಮಹಾಶಯರು.

ಪಕ್ಕದ ಗುಜರಿ ಅಂಗಡಿಯ ತೂಕದ ಹಲಗೆಯ ಮೇಲೆ ಅಕ್ಕನನ್ನು ನಿಲ್ಲಿಸಿದರು. ನಲವತ್ತಮೂರು. "ಹಳೇ ಕಬ್ಬಿಣದ ರೇಟಿಗೇ ಹಾಕ್ತೀರೋ, ಸ್ವಲ್ಪ ಜಾಸ್ತಿ ಕೊಡ್ತೀರೋ?" ಎಂದಳು ಅಕ್ಕ. ಮೂರು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಅಷ್ಟೇ ತೂಕದ ಮರಳು ಚೀಲವೊಂದನ್ನು ಹಿಂದಿನ ಸೀಟಿಗೆ ಕಟ್ಟಿದರು. ಈ ಸಲ ತಾವು ಜೀಪಿನ ಹಿಂದೆ ನಡೆಯುತ್ತ ಚೀಲವನ್ನೇ ದಿಟ್ಟಿಸುತ್ತಿದ್ದರು. ಚೀಲ ಎಗರಿದರೆ ಮತ್ತೆ ಬಿಚ್ಚುವುದು, ಒಂದು ಪಟ್ಟಿ ತೆಗೆಯುವುದು, ಇನ್ನೊಂದನ್ನು ತೆಳ್ಳಗೆ ಮಾಡುವುದು. ಆರು ಸಲ ಬಿಚ್ಚಿದರು. ಕೊನೆಗೆ ಜೀಪು ಹಿಂದುಗಡೆ ಕುಸಿದು ಕೂತುಬಿಟ್ಟಿತು. ಗಿರಾಕಿಗಳು, "ಊರಿನ ಗಾಡಿ ಎಲ್ಲಾ ಎತ್ತಿ, ನಿಮ್ಮದನ್ನ ನೆಲಕ್ಕೆ ಹಾಕ್ಬಿಟ್ರಲ್ಲ!" ಎಂದು ಹಲ್ಲು ಕಿಸಿದರು. ಇನ್ನು ಆ ಜೀಪು ಹೊರೆ ಹೊರುವಂತಿರಲಿಲ್ಲ. ಭಾವ ಗಿರಾಕಿಗಳಿಗೆ ಎಡಗಿವಿ ಕೊಟ್ಟರು.

ಆ ಜೀಪಿನಲ್ಲೇ ಅಕ್ಕ ಬಂದಳು. ಮೋರಿ ದಾಟುವಾಗ ತಿರುಗಿ ನೋಡಿದರೆ ಅಕ್ಕ ತಲೆ ವಾಲಿಸಿ ತೂಕಡಿಸುತ್ತಿದ್ದಳು. ಅಮ್ಮ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಅಕ್ಕನ ಬೆನ್ನ ಮೇಲೆ ಕೈಯಾಡಿಸಿ, "ನೋಯ್ತೇನೇ?" ಎಂದಳು. "ಇಲ್ಲಮ್ಮ, ನಿದ್ದೆ ಬಂದ್ಬಿಡ್ತು" ಎಂದಳು ಅಕ್ಕ. ಆ ನಾಲ್ಕು ತಿಂಗಳು, ಅಮ್ಮ ಹೋಗುವವರೆಗೂ, ಪ್ರತಿ ಭಾನುವಾರ ಅಕ್ಕ ಬಂದಳು. ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವೆಂದು ಕೇಳಿದರೆ ಆ ಭಾನುವಾರಗಳನ್ನೇ ಹೇಳುತ್ತೇನೆ.

ಅಮ್ಮ ಹೋದ ಏಳು ವರ್ಷಕ್ಕೆ ಅಕ್ಕನೂ ಹೋದಳು. ಭಾವ ಆಮೇಲೂ ಭಾನುವಾರ ನನ್ನನ್ನು ನೋಡಲು ಬರುತ್ತಿದ್ದರು. ಮೊದಲ ಸಲ ಬಂದಾಗ ಹಿಂದಿನ ಸೀಟಿನಲ್ಲಿ ಆ ಹಳೇ ಮರಳು ಚೀಲ ಕೂತಿತ್ತು, ಅದಕ್ಕೊಂದು ದಿಂಬು ಬೇರೆ.

"ಇದ್ಯಾಕೆ ಭಾವ?" ಎಂದೆ.

"ಹಿಂದೆ ಆ ಭಾರ ಇಲ್ದಿದ್ರೆ ಗಾಡಿ ಒದೆಯುತ್ತೆ ಕಣಮ್ಮಾ" ಎಂದರು.

ನಿಜವೇ, ಒದೆಯುತ್ತಿತ್ತು. ಆದರೆ ಬೇರೆ ಸೆಟ್ಟು ಕಟ್ಟಲು ಅವರಿಗೆ ಅರ್ಧ ದಿನ ಸಾಕಿತ್ತು. ಹನ್ನೊಂದು ವರ್ಷ ಅವರು ಕಟ್ಟಲಿಲ್ಲ.