ಕಂಪ್ಯೂಟರಿನ ಅಂಗಿ

"ಅಮ್ಮಾ, ಹೊಲಿಗೆ ಅತ್ತೆ ಕಂಪ್ಯೂಟರಿಗೂ ಅಂಗಿ ಹೊಲಿದಿದ್ದಾರಲ್ಲ, ಅದಕ್ಕೂ ಚಳಿ ಆಗತ್ತಾ?"

ಇವತ್ತು ಮೇಲಿನ ಮನೆಗೆ ಹತ್ತುವಾಗ ಮಗಳು ಕೇಳಿದಳು. ಚಳಿಗಲ್ಲ ಪುಟ್ಟಾ, ಧೂಳಿಗೆ ಎಂದೆ. ಅತ್ತೆಯ ಮನೆಯಲ್ಲಿ ಬರಿಮೈಯ ವಸ್ತು ಒಂದೂ ಇಲ್ಲ. ನೀರಿನ ಬಾಟಲಿಗೂ ಗೌಸಣಿಗೆ.

ನಮಗೆ ನಂಟರಲ್ಲದಿದ್ದರೂ ಅವರು ಇಡೀ ಕಟ್ಟಡಕ್ಕೆ ಅತ್ತೆ. ಹೊಲಿಗೆ ಮೆಶಿನ್ ತುಳಿದೇ ತಮ್ಮನನ್ನು ದಡ ಮುಟ್ಟಿಸಿದವರು. ಈಗ ಮೊಣಕಾಲು ಕೈಕೊಟ್ಟಿದೆ. ಇನ್ನು ತುಳಿಯಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಬೆರಳು ಇನ್ನೂ ಚುರುಕಾಗಿವೆಯಲ್ಲ ಎಂದು ಅತ್ತೆ ಟೈಪಿಂಗ್ ಕಲಿತರು. ರೆಕಾರ್ಡ್ ಮಾಡಿದ ಮಾತು ಕೇಳಿ ಅಕ್ಷರಕ್ಕಿಳಿಸುವ ಕೆಲಸ. ಪರೀಕ್ಷೆಗೆಂದು ಬಂದ ಭಾಷಣವನ್ನು ಇವತ್ತು ಸಂಜೆಯೊಳಗೆ ಟೈಪು ಮಾಡಿ ಕಳಿಸಿದರೆ ಕೆಲಸ ಅವರದು. ನೋಡಿದರೆ ಕಂಪ್ಯೂಟರಿನಿಂದ ಸದ್ದೇ ಇಲ್ಲ.

ಫ್ಯಾನ್ ರಿಪೇರಿ ಮಾಡುವ ತಮ್ಮ ಆಗಲೇ ಬಂದು ನೋಡಿ, ಇದಕ್ಕೂ ಅಕ್ಕನಷ್ಟೇ ವಯಸ್ಸಾಗಿದೆ, ಆಸೆ ಬಿಡು ಎಂದು ಹೋಗಿದ್ದನಂತೆ. ಅತ್ತೆ ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದಂತಿದ್ದೆ.

ಸ್ಪೀಕರನ್ನು ನನ್ನ ಫೋನಿಗೆ ಸಿಕ್ಕಿಸಿದೆ, ಹಾಡಿತು. ಅಂದರೆ ಅದು ಸರಿಯಿದೆ. ಮತ್ತೆ ಮೊದಲಿನಂತೆ ಸಿಕ್ಕಿಸಿ, ವಾಲ್ಯೂಮು ಪೂರ್ತಿ ಏರಿಸಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಾಕಿದೆ. ಊಹೂಂ. ಕೊನೆಗೆ ಸೌಂಡ್ ಸೆಟ್ಟಿಂಗ್ ತೆರೆದರೆ ಸ್ಪೀಕರಿನ ಸುಳಿವಿಲ್ಲ, ಮೈಕ್ ಸಿಕ್ಕಿಸಲಾಗಿದೆ ಎಂದು ತೋರಿಸುತ್ತಿದೆ.

"ಅತ್ತೆ, ಮೈಕ್ ಯಾವುದು?"

"ನನ್ನ ಹತ್ರ ಮೈಕ್ ಎಲ್ಲಿದೆಯಮ್ಮಾ? ಇರೋದೊಂದೇ ವಯರು. ಹಸಿರು ಕಾಜಾದಲ್ಲೇ ಹೋಗಿದೆ ನೋಡು."

ನಿಜವೇ. ಕಂಪ್ಯೂಟರ್ ಡಬ್ಬಿಯ ಮುಖಕ್ಕೆ ಕಟ್ಟಿದ ಆ ಅಂಗಿಯಲ್ಲಿ, ಗುಂಡಿ ಹಾಕಲು ಬಿಡುವಂಥ ಎರಡು ಕಾಜಾ ಅಕ್ಕಪಕ್ಕ: ಸ್ಪೀಕರಿಗೆ ಹಸಿರು ದಾರದ್ದು, ಮೈಕಿಗೆ ಗುಲಾಬಿಯದ್ದು. ಪಿನ್ನು ಬಿಟ್ಟರೆ ಧೂಳೂ ನುಸುಳದಷ್ಟು ಬಿಗಿ. ಕೆಳಗಿನ ತೂತಿನ ಬಣ್ಣ ಕಾಣುವುದಿಲ್ಲ.

ಅತ್ತೆ ಸುಮ್ಮನೆ ಅಂಗಿಯ ಅಂಚಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಗಂಟು ಸಿಗ್ತಿದೆ ಕಣೇ. ಗಂಟು ನಾನು ಒಳಗಡೆ ಹಾಕೋದು."

ಹೊಸ ಕೆಲಸ ಬರುತ್ತದೆ, ಚೊಕ್ಕಟವಾಗಿರಲಿ ಎಂದು ನಿನ್ನೆ ಒಗೆದು, ಒಳಹೊರಗು ತಿರುಗಾಮುರುಗಾ ಕಟ್ಟಿದ್ದರು. ಎಡಬಲ ಅದಲುಬದಲಾಗಿ ಹಸಿರು ಕಾಜಾ ಮೈಕಿನ ತೂತಿನ ಮೇಲೆ ಬಂದು ಕೂತಿತ್ತು. ಒಳಗೂ ಹೊರಗೂ ಒಂದೇ ಥರ ಹೊಲಿಯುವುದು ಅತ್ತೆಯ ಹೆಮ್ಮೆ. ಆ ಹೆಮ್ಮೆಯೇ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿತ್ತು.

ಅಂಗಿ ಸರಿಯಾಗಿ ಕಟ್ಟಿ ಪಿನ್ನು ಒತ್ತಿದೆವು. ನಾನು ಪೂರ್ತಿ ಏರಿಸಿದ್ದ ವಾಲ್ಯೂಮಿನಲ್ಲಿ ಭಾಷಣಕಾರರು "ಮಾನ್ಯರೇ" ಎಂದು ಗುಡುಗಿದರು. ಮಗಳು ಹಾರಿ ಬಿದ್ದಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಸೆರಗು ಬಿಗಿದು ಕೂತರು. ಹೊತ್ತು ಮುಳುಗುವ ಮುಂಚೆ ಕಳಿಸಿಯೂ ಆಯಿತು, ನಾಳೆಯಿಂದಲೇ ಕೆಲಸವೆಂದು ಉತ್ತರವೂ ಬಂತು. ಅತ್ತೆ ತಮ್ಮನಿಗೆ ಫೋನು ಮಾಡಿ ಹೇಳಿದ್ದು ಇಷ್ಟೇ:

"ನಮ್ಮಿಬ್ಬರಿಗೂ ಒಂದೇ ವಯಸ್ಸು ಅಂದ್ಯಲ್ಲಪ್ಪಾ, ಇಬ್ಬರಿಗೂ ಕೆಲಸ ಸಿಕ್ತು."

ಹೊರಟಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು.

"ಒಂದು ಉಪಕಾರ ಮಾಡ್ತೀಯಾ? ನನ್ನ ಹೊಲಿಗೆ ಮೆಶಿನ್ನು ನಿಮ್ಮನೇಲಿ ಇಟ್ಕೋ. ಕಣ್ಣೆದುರಿಗಿದ್ರೆ ಈ ಕಾಲು ಸುಮ್ಮನಿರಲ್ಲ."