ಗೂಳಿಯ ಕಬ್ಬು ತಿಂದ ಬಾವ

ಇಂದು ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಒಂದು ಕಬ್ಬಿನ ಜಲ್ಲೆ. ಈಗತಾನೆ ಕಡಿದು ತಂದದ್ದು, ಸೋಗೆ ಇನ್ನೂ ಹಸುರಾಗಿತ್ತು, ಬುಡದಲ್ಲಿ ಒದ್ದೆ ಮಣ್ಣು. ನೀವಾಗಿದ್ದರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಿರಿ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತೆ. ನಗಬೇಡಿ. ಕಬ್ಬು ಕಂಡರೆ ಕೈ ಹಿಂದಕ್ಕೆ ಹೋಗುವುದು ನಮ್ಮ ಮನೆಯ ಗಂಡಸರಿಗೆಲ್ಲ ಇರುವ ರೋಗ. ಅದನ್ನು ನಮಗೆ ಅಂಟಿಸಿ ಹೋದವನು ನನ್ನ ಬಾವ, ಅಕ್ಕನ ಗಂಡ.

ನಿನ್ನೆ ಸಂಜೆ ನಮ್ಮ ಕುಲದ ಹಿರಿಯರು ಬಂದಿದ್ದರು. ದೇವರ ಮಂದೆ ಮಲೆಗೆ ಹತ್ತುವ ದಾರಿಗೆ ಯಾರೋ ತೋಟದವರು ಬೇಲಿ ಹಾಕಿದ್ದಾರಂತೆ. ಯಾರಾದರೂ ಹೋಗಿ ಕೇಳಬೇಕು ಎನ್ನುತ್ತ ನನ್ನ ಮುಖವನ್ನೇ ನೋಡಿದರು. ನನಗೆ ತಕ್ಷಣ ಕೆಮ್ಮು ಬಂತು. ನಿವೃತ್ತ ಮೇಷ್ಟ್ರಿಗೆ ಬೇಕಾದಾಗ ಬರುವ ಕೆಮ್ಮು ಅದು. ಕೆಮ್ಮುತ್ತಲೇ ಒಳಗೆ ಹೋಗಿ ಮಲಗಿಬಿಟ್ಟೆ.

ಮಂದೆಯ ವಿಷಯ ಸ್ವಲ್ಪ ಹೇಳಬೇಕು. ನಾವು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಬಂದು ತಮಿಳು ಸೀಮೆಯ ಈ ಕಂಬಂ ಕಣಿವೆಯಲ್ಲಿ ನೆಲೆನಿಂತವರು. ಆ ದನಗಳ ಸಂತತಿಯೇ ಇಂದಿಗೂ ನಮ್ಮ ದೇವರ ಮಂದೆ. ಅವಕ್ಕೆ ನೊಗವಿಲ್ಲ, ಅವನ್ನು ಮಾರುವ ಮಾತೂ ಇಲ್ಲ. ಮಂದೆಗೊಬ್ಬ ರಾಜ, ಪಟ್ಟದ ಗೂಳಿ. ಅದು ಕಾಲವಾದರೆ ಎಲ್ಲರೂ ಉಪವಾಸವಿದ್ದು, ಬಯಲಿನಲ್ಲಿ ಕಬ್ಬಿನ ಕಟ್ಟು ಇಟ್ಟು, ಮಂದೆಯನ್ನು ಬಿಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಗೂಳಿಗೆ ಅರಿಶಿನ ಬಳಿದು, ಹೊಸ ವಸ್ತ್ರ ಹೊದಿಸಿ ಪಟ್ಟ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಮಂದೆಯನ್ನು ಮಲೆಗೆ ಹತ್ತಿಸಿ ಮೇವು ಕಾಣಿಸುವುದು ಅದರ ಹೊಣೆ.

ಬಾವನ ಕಥೆ ನಡೆದಾಗ ಇನ್ನೂ ಬ್ರಿಟಿಷ್ ರಾಣಿಯ ಕಾಲ. ನಾನು ದಿಂಡಿಗಲ್ಲಿನ ಶಾಲೆಯಲ್ಲಿ ಹೊಸ ಮೇಷ್ಟ್ರು. ಹಳೆಯ ಗೂಳಿ ಸತ್ತಿತೆಂದು ಊರಿಗೆ ಬಂದಿದ್ದೆ. ಆ ವರ್ಷವೇ ಕಾಡಿನ ಇಲಾಖೆಯವರು ಮಲೆದಾರಿಗೆ ಗೇಟು ಹಾಕಿದ್ದರು. ಮಳೆಯೂ ಕೈಕೊಟ್ಟು ಕೆಳಗೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ, ಮಂದೆಯ ಪಕ್ಕೆಲುಬು ಎಣಿಸಬಹುದಾಗಿತ್ತು. ಪಟ್ಟದ ದಿನ ಸೊರಗಿದ್ದ ಗೂಳಿಗಳು ಬೇವಿನ ನೆರಳು ಬಿಟ್ಟು ಕದಲವು. ಬಿಸಿಲು ನೆತ್ತಿಗೆ ಬಂತು. ಕಬ್ಬಿನ ಪಕ್ಕದಲ್ಲೇ ಕೂತು ನೊಣ ಓಡಿಸುವ ಕೆಲಸ ಬಾವನದು. ಹಸಿದರೆ ಅವನಿಗೆ ಲೋಕವೇ ಕಾಣದು. ಎಲ್ಲರೂ ಗೂಳಿಗಳನ್ನೇ ನೋಡುತ್ತಿದ್ದಾಗ ಕಟ್ಟಿನ ಕಡೆಯಿಂದ 'ಕಟ್' ಎಂದು ಸದ್ದಾಯಿತು. ತಿರುಗಿದರೆ ಬಾವನ ಕೈಯಲ್ಲಿ ಅರ್ಧ ಜಲ್ಲೆ, ಬಾಯಲ್ಲಿ ಉಳಿದದ್ದು. ಗಲ್ಲದ ಮೇಲೆ ರಸ ಇಳಿಯುತ್ತಿತ್ತು.

ಅಷ್ಟು ಹೊತ್ತು ಕಲ್ಲಿನ ಹಾಗಿದ್ದ ಒಂದು ಬೂದುಬಣ್ಣದ ಹೋರಿ ಆಗ ಎದ್ದು ಬಂದು, ಬಾವನ ಕೈಯಲ್ಲಿದ್ದ ತುಂಡನ್ನೇ ಕಿತ್ತು ತಿಂದಿತು. ಯಾರು ಮೊದಲು? ಕುಲದ ಹಿರಿಯರಾದ ದೊಡ್ಡಗೌಡರು ಕೋಲೂರಿ ಎದ್ದು, ಊರ ಅಳಿಯನಾದ ಬಾವನ ಕಡೆ ತಿರುಗಿದರು.

"ಆವು ತಿಂದ್ರೂ ಅಷ್ಟೇ, ಆಳು ತಿಂದ್ರೂ ಅಷ್ಟೇ. ಕಬ್ಬು ಕಡ್ದೋನು ಪಟ್ಟಕ್ಕೆ ಬಂದಾಂಗೆ. ಹೋರಿ ಮಂದೆಗೆ ರಾಜ. ಮಾಪ್ಳೆ, ನೀನು ದಾರಿಗೆ ರಾಜ. ಆ ಗೇಟು ತೆಗ್ಸು!"

"ಹಸಿವು ತಾಳ್ನಾರ್ದೆ ತಿಂದೆ ಮಾಮಾ," ಎಂದ ಬಾವ.

"ಗೂಳೀನೂ ಹಸ್ದೇ ತಿನ್ನೋದು," ಎಂದರು ಗೌಡರು. ಹೋರಿಗೆ ಬಳಿದುಳಿದ ಅರಿಶಿನ ಬಾವನ ಹಣೆಗೆ ಬಂತು. ಅಕ್ಕ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು.

ಹೀಗೆ ಬಾವ ಊರಿನವರ ಒತ್ತಾಯದಿಂದ ತಾಲ್ಲೂಕು ಬೋರ್ಡಿನ ಮೆಂಬರಾದ. ಮೊದಲ ಸಭೆಯಲ್ಲೇ ಎದ್ದು ಕೇಳಿದ: "ಮಲೆದಾರಿ?" ಅಧ್ಯಕ್ಷರು, "ಅದು ನಮ್ಮ ಕೈಯಲ್ಲಿಲ್ಲ, ಮೇಲಿನವರನ್ನು ಕೇಳಬೇಕು" ಎಂದರು. ಮೇಲಿನವರೆಂದರೆ ಜಿಲ್ಲಾ ಬೋರ್ಡು. ಸರಿ, ಅಲ್ಲಿಗೆ ಹೋದ. ಅವರೂ ಮೇಲೆ ಕೈ ತೋರಿಸಿದರು. ಮದರಾಸಿನ ಕಾನೂನು ಸಭೆಯ ಸ್ಥಾನಕ್ಕೆ ಇಬ್ಬರು ವಕೀಲರು ಕಾದಾಡುತ್ತಿದ್ದರು. ಎದುರಾಳಿಗೆ ಸಿಕ್ಕುವುದಕ್ಕಿಂತ ಈ ದನದ ಗೌಡನಿಗೆ ಸಿಗಲಿ ಎಂದು ಇಬ್ಬರೂ ಬಾವನನ್ನೇ ತಳ್ಳಿದರು. ಮದರಾಸೂ ಮೇಲಕ್ಕೆ ಬೆರಳು ತೋರಿಸಿತು. ಅಲ್ಲಿಯೂ ಅದೇ ತರಹದ ಜಗಳ ನಡೆದು, ಬಾವ ಕಲ್ಕತ್ತೆಯಲ್ಲಿ ವೈಸರಾಯರ ಕಾನೂನು ಸಭೆಯ ಮೆಂಬರಾಗಿಬಿಟ್ಟ! ಇಡೀ ಹಿಂದೂಸ್ಥಾನಕ್ಕೆ ಕಾನೂನು ಮಾಡುವ ಜಾಗ. ಜನ ಹಾರ ಹಾಕಲು ಬಂದರೆ, "ಇದ್ರ ಮೇಲೆ ಇನ್ನೇನಾರ ಇದ್ಯಾ, ಇಲ್ಲೇ ಮುಗೀತಾ?" ಎಂದು ಕೇಳುತ್ತಿದ್ದ.

ನಾನು ಅವನ ಇಂಗ್ಲಿಷ್ ಮೇಷ್ಟ್ರಾಗಿ ಜೊತೆಗೆ ಹೊರಟೆ. ನನ್ನ ಇಂಗ್ಲಿಷೋ, ಕೀಲಿ ಕಳೆದ ದಿಂಡಿಗಲ್ ಬೀಗ. ನೋಡಲು ಭಾರಿ, ತೆರೆಯಲು ಬಾರದು. ಹಡಗಿನಲ್ಲಿ ಒಂದು ಅಮೋಘ ಭಾಷಣ ಬರೆದು ಬಾಯಿಪಾಠ ಮಾಡಿಸಿದೆ. ಬಾವ ಸಮುದ್ರಕ್ಕೆ ಬಾಗಿ ವಾಂತಿ ಮಾಡಿಕೊಳ್ಳುತ್ತ, ನಡುನಡುವೆ "ಮೈ ಲಾರ್ಡ್" ಎನ್ನುತ್ತಿದ್ದ. ಅಕ್ಕ ಬುತ್ತಿಗೆ ಕಟ್ಟಿಕೊಟ್ಟಿದ್ದ ಹುರಿಹಿಟ್ಟನ್ನು ನಾನೊಬ್ಬನೇ ಖಾಲಿ ಮಾಡಿದೆ.

ಸಭೆಯ ದಿನ ನಾನು ಪ್ರೇಕ್ಷಕರ ಸಾಲಿನಲ್ಲಿ ಕೂತು ಕೈ ಹೊಸೆಯುತ್ತಿದ್ದೆ. ಬಾವ ಎದ್ದ. ಭಾಷಣವೆಲ್ಲ ಮರೆತೇಹೋಗಿತ್ತು. ಮಲೆದಾರಿ, ಗೂಳಿ ಎಂದು ಏನೋ ತೊದಲಿದ. ಒಬ್ಬ ದೊರೆ ನಯವಾಗಿಯೇ, ಇದು ಇಲ್ಲಿನ ವಿಷಯವಲ್ಲ, ಕೆಳಗಿನವರು ನೋಡಿಕೊಳ್ಳಬೇಕು ಎಂದ. ಬಾವನ ಮುಖ ಕೆಂಪಾಯಿತು. ಇಷ್ಟು ವರ್ಷ ಹತ್ತಿ ಬಂದದ್ದೆಲ್ಲ ಅವನ ಗಂಟಲಿಗೆ ಬಂತು.

"ಬಿಲೋ ಮ್ಯಾನ್ ಸೇ ಅಬೌವ್. ಅಬೌವ್ ಮ್ಯಾನ್ ಸೇ ಬಿಲೋ. ವೇರ್ ಬುಲ್ ಗೋ, ಸರ್?"

ಕೆಳಗಿನವರು ಮೇಲೆ ಅನ್ನುತ್ತಾರೆ, ಮೇಲಿನವರು ಕೆಳಗೆ ಅನ್ನುತ್ತಾರೆ, ಗೂಳಿ ಎಲ್ಲಿಗೆ ಹೋಗಬೇಕು? ಸಭೆಯವರು ಮೇಜು ಕುಟ್ಟಿ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು, ಅದು ನಗೆಯದೇ ಎಂದು ಹೇಳಲಾರೆ.

ಕಾನೂನೇನೂ ಬದಲಾಗಲಿಲ್ಲ. ವಿಚಾರಿಸಿ ಎಂದು ಕಲ್ಕತ್ತೆಯಿಂದ ಒಂದು ಕಾಗದ ಮದರಾಸಿಗೆ ಹೋಯಿತು, ಅಲ್ಲಿಂದ ಜಿಲ್ಲೆಗೆ, ತಾಲ್ಲೂಕಿಗೆ. ಪ್ರತಿಯೊಬ್ಬರೂ ಒಂದು ಮೊಹರು ಒತ್ತಿ ಕೆಳಗೆ ತಳ್ಳಿದರು. ನಮ್ಮ ಕಾಡಿನ ರೇಂಜರನ ಕೈಗೆ ಬರುವ ಹೊತ್ತಿಗೆ ಅದರ ತುಂಬ ಮೊಹರುಗಳೇ. ಪಾಪ, ವೈಸರಾಯರೇ ಗೂಳಿಯ ಯೋಗಕ್ಷೇಮ ಕೇಳುತ್ತಿದ್ದಾರೆಂದು ಹೆದರಿ ಅವನು ಅಂದೇ ಗೇಟು ಕೀಳಿಸಿದ. ಬೂದು ಗೂಳಿ ಮುಂದೆ, ಅದರ ಪಕ್ಕದಲ್ಲಿ ಬಾವ, ಹಿಂದೆ ಮಂದೆ. ದಾರಿಯಲ್ಲಿ ಯಾರೋ ಪ್ರೀತಿಯಿಂದ ಕಬ್ಬು ಚಾಚಿದರು. ಬಾವ ಥಟ್ಟನೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

ಬಾವ ಹೋಗಿ ಬಹಳ ಕಾಲವಾಯಿತು. ಈ ಹೊತ್ತು ಅವನಿದ್ದಿದ್ದರೆ ತೋಟದವರ ಬೇಲಿಯನ್ನೂ ಅವನೇ ಕೀಳಿಸುತ್ತಿದ್ದ ಎಂದುಕೊಂಡೆ, ಗೋಡೆಗೆ ಒರಗಿದಲ್ಲೇ. ಒಳಗೆ ಅಕ್ಕ ಎಲೆಯಡಿಕೆ ಕುಟ್ಟುತ್ತಿದ್ದಳು.

"ಅಕ್ಕಾ, ಈ ಕಬ್ಬು ಯಾರು ಇಟ್ಟದ್ದು?"

"ನಾನೇ ತರಿಸಿಟ್ಟೆ ತಂಬಿ. ನಿನ್ನೆ ಬಂದೋರು ಬರೀ ಬಾಯಲ್ಲಿ ಕೇಳಿದ್ರು. ಗೂಳೀನ ಹಂಗೆ ಕೇಳ್ತಾರಾ?"

"ನಂಗೆ ಹಲ್ಲೆಲ್ಲಿದೆ ಅಕ್ಕಾ?"

"ನಿನ್ ಬಾವಂಗೆ ಇಂಗ್ಲಿಷ್ ಇತ್ತಾ?"

ಕುಟ್ಟುವ ಸದ್ದು ಮುಂದುವರಿಯಿತು. ನಾನು ಕೆಮ್ಮಲು ನೋಡಿದೆ, ಕೆಮ್ಮು ಬರಲಿಲ್ಲ. ಬೆನ್ನ ಹಿಂದಿನ ಕೈಗಳು ತಾವಾಗಿಯೇ ಮುಂದೆ ಬಂದವು. ಜಲ್ಲೆಯ ತುದಿ ಮುರಿದು, ಉಳಿದಿರುವ ದವಡೆ ಹಲ್ಲುಗಳ ನಡುವೆ ಇಟ್ಟು ಕಚ್ಚಿದೆ. 'ಕಟ್' ಎಂದಿತು.

ಒಳಗೆ ಕುಟ್ಟುವುದು ನಿಂತಿತು.

"ಕಡ್ದೆಯಾ?" ಎಂದಳು ಅಕ್ಕ. ಬಾಯಿ ತುಂಬ ರಸವಿತ್ತು, ಗಲ್ಲದ ಮೇಲೂ ಇಳಿಯಿತು. ಅವಳು ಸೊಸೆಯನ್ನು ಕೂಗಿ ಹೇಳಿದಳು: "ಅಮ್ಮಾಡಿ, ಅರಿಶಿನ ಎತ್ಕೊಂಡು ಬಾ."